ಬೇವಿಲ್ಲದ ಬುಟ್ಟಿ

ಕೆಂಪು ಬಾಳೆಯನ್ನು ಹಣ್ಣಿಗೆ ಹಾಕುವುದೆಂದರೆ ಚಂದಮ್ಮನೇ ಹಾಕಬೇಕು ಎಂಬುದು ಕಮಲಾಪುರದಲ್ಲಿ ಊರ ಮಾತು. ಬುಟ್ಟಿಯ ತಳಕ್ಕೆ ಹುಲ್ಲು, ಕಾಯಿಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಗೋಣಿಚೀಲ. ಬೇವಿಲ್ಲದೆ ಕಾಯಿ ಹಣ್ಣಾಗದು ಎಂದು ಅವಳ ಅತ್ತೆ ಹೇಳಿದ್ದಳು. ಅತ್ತೆಗೆ ಅವಳ ಅತ್ತೆ ಹೇಳಿದ್ದಳು. ನಲವತ್ತು ವರ್ಷದಿಂದ ಚಂದಮ್ಮ ಮನೆಮುಂದಿನ ಬೇವಿನ ಗಿಡವನ್ನು ಬೋಳು ಮಾಡುತ್ತಲೇ ಬಂದಿದ್ದಳು.

ಮೊಮ್ಮಗಳು ರಾಜೇಶ್ರೀ ಕಲಬುರಗಿಯ ಸೇಡಂ ರಸ್ತೆಯ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಸ್ಕಾಲರ್‌ಶಿಪ್ ಮೇಲೆ ಓದುತ್ತಿದ್ದಳು. ಅಲ್ಲಿ ಗೈಡು ಉರುಹೊಡೆದರೆ ನಡೆಯುವುದಿಲ್ಲ. ತಾನೇ ಪ್ರಶ್ನೆ ಹುಡುಕಿ, ತಾನೇ ಪರೀಕ್ಷಿಸಿ ನಾಲ್ಕು ಸಾವಿರ ಪದದ ಪ್ರಬಂಧ ಬರೆಯಬೇಕು. ಅದು ಪಾಸಾಗದಿದ್ದರೆ ಹನ್ನೆರಡನೇ ತರಗತಿಗೆ ಸಮನಾದ ಡಿಪ್ಲೊಮಾ ಇಲ್ಲ, ಆಸೆಪಟ್ಟ ಕೃಷಿ ಕಾಲೇಜೂ ಇಲ್ಲ. ರಾಜೇಶ್ರೀ ತನ್ನ ಆಯಿಯ, ಅಂದರೆ ಅಜ್ಜಿಯ, ಬುಟ್ಟಿಯ ಬಗ್ಗೆಯೇ ಬರೆದಳು. ಪ್ರಬಂಧ ತಿದ್ದುವ ಕಲ್ಯಾಣಪ್ಪ ಸರ್ ‘ಹಿರಿಯರು ಅಂತಾರೆ’ ಎಂದಿದ್ದ ಕಡೆಯೆಲ್ಲ ಕೆಂಪು ಸುತ್ತು ಹಾಕಿ ವಾಪಸ್ ಕೊಟ್ಟರು.

“ಯಾರು ಅಂತಾರ, ನೀ ಮಾಡಿ ನೋಡಿಯೇನು ಅಂತ ಕೇಳ್ಯಾರ, ಆಯಿ.”

“ಅಂದ್ರ ನಾ ಸುಳ್ಳ ಹೇಳ್ತೀನೇನ?” ಚಂದಮ್ಮನ ಸಿಟ್ಟು ನೆತ್ತಿಗೇರಿತು. “ಇಡು ಆರು ಬುಟ್ಟಿ. ಮೂರಕ್ಕ ಬೇವು ಹಾಕಬ್ಯಾಡ. ಕಣ್ಣಾರೆ ನೋಡ್ಲಿ ನಿಮ್ಮ ಸರ್.”

ಐದನೇ ದಿನ ಗೋಣಿ ತೆಗೆದರು. ಆರೂ ಬುಟ್ಟಿಯಲ್ಲಿ ಹಣ್ಣು ಒಂದೇ ಥರ ಮೆತ್ತಗೆ, ಒಂದೇ ಘಮ. ರಾಜೇಶ್ರೀ ಪೆನ್ನು ಕೆಳಗಿಟ್ಟಳು. ಊರೆಲ್ಲ ನಂಬಿದ ಕೈಯನ್ನು ತಪ್ಪೆಂದು ಬರೆಯಲು ಅವಳಿಗೆ ಮನಸ್ಸು ಬರಲಿಲ್ಲ.

“ಇದು ಬ್ಯಾಡ ಆಯಿ. ಬ್ಯಾರೆ ಏನರೆ ಬರೀತೀನಿ.”

ಚಂದಮ್ಮ ಬಾಡಿದ ಬೇವಿನ ಸೊಪ್ಪನ್ನು ಬಾಚಿ ಅಂಗಳಕ್ಕೆ ಎಸೆದಳು. ಅವಮಾನವಾಗಿತ್ತು, ಸುಳ್ಳೇಕೆ ಹೇಳಬೇಕು.

“ಬರಿ,” ಅಂದಳು. “ನಮ್ಮತ್ತಿ ಹೇಳಿದ್ಲು, ನಾ ಕೇಳಿದೆ. ಯಾಕ ಅಂತ ಒಂದಿನಾ ಕೇಳಲಿಲ್ಲ. ನೀನರೆ ಕೇಳಿದಿ.”

ಪ್ರಬಂಧ ಪಾಸಾಯಿತು. ಈಗ ಕೃಷಿ ಕಾಲೇಜಿನಲ್ಲಿ ಮೊದಲ ಪ್ರಯೋಗದ ವರದಿ ಬರೆಯಿರಿ ಎಂದಾಗ ಗೆಳತಿಯರು ಕಣ್ಣುಕಣ್ಣು ಬಿಡುತ್ತಾರೆ; ರಾಜೇಶ್ರೀ ಸುಮ್ಮನೆ ಎರಡು ಕಾಲಮ್ ಎಳೆಯುತ್ತಾಳೆ. ಒಂದು ಹಾಕಿದ್ದು, ಇನ್ನೊಂದು ಹಾಕದ್ದು.

ಮೊನ್ನೆ ಪಕ್ಕದ ಮನೆಯ ಮಲ್ಲಿಕಾ ಬುಟ್ಟಿಯೊಳಗೆ ಇಣುಕಿದಳು. “ಏನ್ ಆಯಿ, ಬೇವು ಮರತೀರೇನು? ಬೇವಿಲ್ಲಂದ್ರ ಹಣ್ಣಾಗಲ್ಲ ಅಂತಾರ!”

“ಯಾರು ಅಂತಾರ?” ಚಂದಮ್ಮ ಹುಲ್ಲು ಸರಿಮಾಡುತ್ತ ಕೇಳಿದಳು. ಮಲ್ಲಿಕಾ ಆಗಲೇ ಬೇವಿನ ಗಿಡದ ಟೊಂಗೆಯೊಂದನ್ನು ಬಗ್ಗಿಸುತ್ತಿದ್ದಳು.

“ನಾನೇ ಅಂತಿದ್ದೆ,” ಎಂದು ಮುದುಕಿ ಗೋಣಿ ಮುಚ್ಚಿದಳು.