ಕಬ್ಬಿಣದ ಕೋಳಿಗೆ ಎಷ್ಟು ದೊಡ್ಡ ದುರ್ಬೀನು?

ಗೆಳತಿಯರೇ, ಕಬ್ಬಿಣದ ಕೋಳಿಗಳನ್ನು ಗುಂಡು ಹೊಡೆದು ಉರುಳಿಸುವ ಆಟಕ್ಕೆ ನಾನೂ ನಮ್ಮವರೂ ಇವತ್ತು ಇಳಿದೆವು. ಅರಬ್ಬರ ಈ ರಾಸ್ ತನೂರಾದ ಮರಳಲ್ಲಿ ರಜೆಯ ಶುಕ್ರವಾರ ಬೆಳಿಗ್ಗೆ ಮತ್ತೆಂತ ಮಾಡುವುದು?

ನಮಗಿರುವುದು ಒಂದೇ ರೈಫಲ್. ಅದಕ್ಕೆ ಯಾವ ಗುಂಡು, ಗುರಿ ನೋಡಲು ಮೇಲೆ ಕೂರಿಸುವ ದುರ್ಬೀನು ಯಾವುದು ಎಂದು ವಾರದಿಂದ ವಾದ. ಗುಂಡಿನದು ಬೇಗ ಮುಗಿಯಿತು. ನಮ್ಮವರ ವೇಗದ ಗುಂಡುಗಳು ಕಾಗದದ ಮೇಲೆ ಚೆಲ್ಲಾಪಿಲ್ಲಿಯಾದವು, ನನ್ನ ಸಾದಾ ಗುಂಡುಗಳು ಒಂದೇ ಕಡೆ ಬಿದ್ದವು. ದುರ್ಬೀನು ಮಾತ್ರ ನಾನು ಹೇಳಿದ ಸಣ್ಣದು, ಅವರು ಹೇಳಿದ ದೊಡ್ಡದು ಎರಡನ್ನೂ ಎರವಲು ತಂದೆವು, ಗೆದ್ದದ್ದನ್ನು ಕೊಳ್ಳುವುದೆಂದು.

ನನ್ನ ಸಣ್ಣದರಲ್ಲಿ ಸಾಲಾಗಿ ನಿಂತ ಐದೂ ಕೋಳಿಗಳು ಕಂಡವು. ಎರಡು ಉರುಳಿದವು.

"ಎಂತ ಮಾರಾಯ್ತಿ, ಇದರಲ್ಲಿ ಕಾಣುವುದು ಕೋಳಿಯಾ, ಇರುವೆಯಾ?" ಎಂದು ನಕ್ಕು, ನಮ್ಮವರು ಟೇಪ್ ರೆಕಾರ್ಡರಿನಷ್ಟು ಉದ್ದದ ತಮ್ಮದನ್ನು ಕೂರಿಸಿದರು. "ನೋಡು, ಕೊಕ್ಕು ಸಹ ಕಾಣ್ತದೆ."

ಕೊಕ್ಕು ನಿಜಕ್ಕೂ ಕಾಣುತ್ತಿತ್ತು. ಅಕ್ಕಪಕ್ಕದ್ದು ಏನೂ ಕಾಣುತ್ತಿರಲಿಲ್ಲ. ಅಷ್ಟು ಹತ್ತಿರ ಬಂದದ್ದೆಲ್ಲ ನಮ್ಮದೇ ಅನ್ನಿಸಿಬಿಡುತ್ತದೆ. ನಮ್ಮವರು ಹೊಡೆದರು, ಟಣ್ ಎಂದು ಕೋಳಿ ಬಿತ್ತು.

ಪಕ್ಕದ ಕೋಳಿಸಾಲಿಗೆ ಹೊಡೆಯಲು ನಿಂತಿದ್ದ ಖಾನ್ ಸಾಹೇಬರು ನಿಧಾನವಾಗಿ ತಿರುಗಿದರು. "ಭಾಯಿಸಾಬ್, ನಾನಿನ್ನೂ ಗುಂಡೇ ತುಂಬಿಲ್ಲ. ನನ್ನ ಕೋಳಿ ಹೇಗೆ ಬಿತ್ತು?"

ನಾನು ನಗು ತಡೆದುಕೊಂಡು, "ಈಗ ಹೇಳಿ, ಯಾವುದನ್ನು ಕೊಳ್ಳುವ?" ಎಂದು ನಮ್ಮವರನ್ನು ಕೇಳಿದೆ.

ಉತ್ತರ ಖಾನ್ ಸಾಹೇಬರಿಂದಲೇ ಬಂತು. "ದೊಡ್ಡದನ್ನೇ ಕೊಳ್ಳಿ ಬಹೆನ್‌ಜೀ. ನನ್ನವು ಇನ್ನೂ ನಾಲ್ಕು ಬಾಕಿ ಇವೆ."

ಸಣ್ಣದೆಂದೇ ತೀರ್ಮಾನವಾಯಿತು. ನಮ್ಮವರು ಮಾತ್ರ ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು, "ಆದರೆ ಗುರಿ ಸರಿಯಾಗಿಯೇ ಇತ್ತಲ್ಲ?"