ಗೋಡೆಯ ಕಡೆ ಮುಖ ಮಾಡಿದ ಬೋಗಿ

ಅಥವಾ ಅದು ಥಿನ್ನರ್ ವಾಸನೆಯೇ ಆಗಿರಲಿಲ್ಲವೇನೋ. ಇವತ್ತು ಬೆಳಿಗ್ಗೆ ನಮ್ಮ ಬಾಲ್ಕನಿಯ ಗ್ರಿಲ್ಲಿಗೆ ಬಣ್ಣ ಬಳಿಯಲು ಬಂದ ಪೇಂಟರ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಲೋಧಿ ಕಾಲೋನಿಯ ಆ ಕೆಳಗಿನ ಮನೆ ಕಣ್ಣ ಮುಂದೆ ಬಂತು. ಕಿಟಕಿಯ ಪಕ್ಕದ ಮೇಜು, ಅದರ ಮೇಲೆ ಹಾಸಿದ ಹಳೆಯ ಟವೆಲ್, ಟವೆಲ್ಲಿನ ಮೇಲೆ ಚಕ್ರ ಮೇಲೆ ಮಾಡಿ ಮಲಗಿಸಿದ ತಗಡಿನ ರೈಲು ಬೋಗಿ, ಅದರ ಮೇಲೆ ಬಾಗಿದ ಅಂಕಲ್. ಸ್ವಲ್ಪ ಹೊತ್ತು ಇದನ್ನು ನಂಬಿದೆ. ಆಮೇಲೆ ಅನುಮಾನ ಬಂತು. ಆ ಮನೆಯಲ್ಲಿ ಥಿನ್ನರ್ ಇರುವುದು ಸಾಧ್ಯವೇ ಇರಲಿಲ್ಲ. ಅವರು ಅದನ್ನು ಹೊಸ್ತಿಲೊಳಗೆ ಬಿಡುತ್ತಿರಲಿಲ್ಲ. ಅಲ್ಲಿ ಇದ್ದದ್ದು ಹೊಲಿಗೆ ಯಂತ್ರದ ಎಣ್ಣೆ ಮತ್ತು ಹತ್ತಿ. ಆ ಎಣ್ಣೆಗೆ ವಾಸನೆ ಇತ್ತೋ ಇಲ್ಲವೋ...

ದೆಹಲಿಯ ರಸ್ತೆಗಳನ್ನೆಲ್ಲ ಮೆಟ್ರೊಗಾಗಿ ಅಗೆಯುತ್ತಿದ್ದ ವರ್ಷಗಳು ಅವು. ಸಂಶೋಧನೆಗೆಂದು ಬಂದಿದ್ದ ನಾನು ಸರಕಾರಿ ಕ್ವಾರ್ಟರ್ಸಿನ ಮೇಲಿನ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಕೆಳಗಿನ ಮನೆಯಲ್ಲಿ ಅಂಕಲ್ ಮತ್ತು ಆಂಟಿ ಇದ್ದರು. ಅಂಕಲ್ ಯಾವುದೋ ಸಚಿವಾಲಯದಲ್ಲಿ ಅಧಿಕಾರಿ, ಹುಟ್ಟೂರು ಅರಸೀಕೆರೆ. ನಾನು ಕನ್ನಡದವಳೆಂದು ತಿಳಿದ ಮೇಲೆ ಭಾನುವಾರದ ಊಟ ಅವರಲ್ಲೇ ಆಯಿತು. ಇಬ್ಬರೂ ನನಗೆ ತುಂಬ ಇಷ್ಟವಾಗಿದ್ದರು ಎಂದು ಬರೆಯಲು ಹೊರಟೆ. ಖಚಿತವಿಲ್ಲ. ಊಟ ಇಷ್ಟವಾಗಿತ್ತು.

ಅಂಕಲ್ ಹಳೆಯ ಆಟದ ರೈಲುಗಳನ್ನು ಸಂಗ್ರಹಿಸುತ್ತಿದ್ದರು, ಅದರಲ್ಲೂ ಪ್ರಯಾಣಿಕರ ಬೋಗಿಗಳನ್ನು ಮಾತ್ರ. ಚಾಣಕ್ಯಪುರಿಯ ರಾಯಭಾರ ಕಚೇರಿಗಳ ಸಂಸಾರಗಳು ವರ್ಗವಾಗಿ ಹೋಗುವಾಗ ಮನೆಸಾಮಾನು ಮಾರಿ ಹೋಗುತ್ತಿದ್ದವು. ಮಕ್ಕಳು ದೊಡ್ಡವರಾಗಿ ಯಾರಿಗೂ ಬೇಡವಾದ ಇಂಗ್ಲೆಂಡಿನ, ಜರ್ಮನಿಯ ತಗಡಿನ ಬೋಗಿಗಳು ಹಾಗೆ ಹಳೆ ಸಾಮಾನು ಕೊಳ್ಳುವ ಕಬಾಡಿಯವನ ಗಾಡಿ ಹತ್ತಿ, ಅಲ್ಲಿಂದ ಇವರ ಮೇಜಿಗೆ ಬರುತ್ತಿದ್ದವು.

"ಎಂಜಿನ್ ಯಾಕಿಲ್ಲ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ಎಂಜಿನ್ ಹಿಂದೆ ಎಲ್ಲಾರೂ ಓಡ್ತಾರಮ್ಮಾ. ಜನ ಕೂರೋದು ಇದ್ರಲ್ಲಿ ತಾನೆ?"

"ಹಾಂ, ಜನರ ಮೇಲೆ ಭಾರೀ ಪ್ರೀತಿ ನಿಮ್ಮಂಕಲ್‌ಗೆ," ಎಂದು ಅಡುಗೆಮನೆಯಿಂದ ಆಂಟಿಯ ದನಿ ಬಂದಿತ್ತು. ಆಗ ನಾನು ನಕ್ಕಿದ್ದೆ.

ಅವರ ಕೆಲಸಕ್ಕೊಂದು ಕಟ್ಟುನಿಟ್ಟು ಇತ್ತು. ಚಕ್ರದ ಸೊಟ್ಟಗಾದ ಅಚ್ಚನ್ನು ನೆಟ್ಟಗೆ ಮಾಡಬಹುದು. ಕಳೆದ ಚಕ್ರದ ಜಾಗಕ್ಕೆ ಇನ್ನೊಂದು ಮುರುಕು ಬೋಗಿಯ ಚಕ್ರ ಹಾಕಬಹುದು. ತುಕ್ಕನ್ನು ಎಣ್ಣೆಹತ್ತಿಯಿಂದ ವಾರಗಟ್ಟಲೆ ಒರೆಸಬಹುದು. ಆದರೆ ಬಣ್ಣ ಮುಟ್ಟುವ ಹಾಗಿಲ್ಲ. ಎಷ್ಟೇ ಗೀರು ಬಿದ್ದಿರಲಿ, ಎಷ್ಟೇ ಚಕ್ಕೆ ಎದ್ದಿರಲಿ, ಕಾರ್ಖಾನೆಯಲ್ಲಿ ಬಿದ್ದ ಬಣ್ಣವೇ ಬೋಗಿ. ಹೊಸದು ಬಳಿದರೆ ಅದು ಬರೀ ತಗಡು. ಮೇಲ್ಚಾವಣಿಯನ್ನು ಹಿಡಿದಿಟ್ಟ ತಗಡಿನ ಪುಟ್ಟ ನಾಲಿಗೆಗಳನ್ನು ಬಿಡಿಸುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಅವು ಕೆಲವೇ ಸಲ ಬಾಗುತ್ತವೆ, ಆಮೇಲೆ ಮುರಿಯುತ್ತವೆ. ಇದನ್ನೆಲ್ಲ ಆಂಟಿ ಮದುವೆಯಾದಾಗಿನಿಂದ ಕೇಳಿದವರು. ಮನೆಗೆ ಬಂದವರಿಗೆ ಅಂಕಲ್ ವಿವರಿಸುತ್ತಿದ್ದರೆ ಮುಂದಿನ ವಾಕ್ಯವನ್ನು ಆಂಟಿಯೇ ಹೇಳಿಬಿಡುತ್ತಿದ್ದರು. ಇದನ್ನಾದರೂ ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೇನೆ.

ಬೋಗಿಗಳೆಲ್ಲ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಒಂದು ಮಾತ್ರ ಹೊರಗೆ, ಮೇಜಿನ ತುದಿಯಲ್ಲಿ, ಒಂದು ಪಕ್ಕವನ್ನು ಗೋಡೆಗೆ ಒತ್ತಿಕೊಂಡು ಇರುತ್ತಿತ್ತು. ಹಸಿರು ಬಣ್ಣದ್ದು. ಅಥವಾ ಕಂದು. ಒಂದು ಭಾನುವಾರ ಅಂಕಲ್ ಹಾಲು ತರಲು ಹೋಗಿದ್ದಾಗ ಆಂಟಿ ಅದನ್ನು ತಿರುಗಿಸಿ ತೋರಿಸಿದರು. ಕಿಟಕಿಗಳನ್ನು ತಗಡಿನ ಮೇಲೆ ಅಚ್ಚು ಹಾಕಿದ್ದರು, ಒಳಗೆ ಯಾರೂ ಇಲ್ಲದ ಬೂದು ಚೌಕಗಳು. ಅವುಗಳಲ್ಲಿ ಯಾರೋ ಚೂಪಾದುದರಿಂದ ಗೀರಿ ಮುಖಗಳನ್ನು ಮೂಡಿಸಿದ್ದರು. ಒಬ್ಬ ಮೀಸೆಯವನು, ಜಡೆಯ ಒಬ್ಬಳು, ಕಣ್ಣೇ ಇಲ್ಲದ ಒಂದು ಗುಂಡು ಮುಖ.

"ನನ್ ಮಗಳು," ಎಂದರು. "ಚಿಕ್ಕೋಳಿದ್ದಾಗ. ಖಾಲಿ ರೈಲು ಹೆಂಗೆ ಹೋಗತ್ತೆ ಅಂತ ಅತ್ತೂ ಅತ್ತೂ, ಕೈವಾರದ ಮೊನೇಲಿ ಜನಾನ ಕೂರಿಸಿಬಿಟ್ಲು. ಇವರು ಹೊಡೀತಾರೆ ಅಂದ್ಕೊಂಡೆ. ಹೊಡೀಲಿಲ್ಲ."

ಮಗಳು ಆಗ ಗುಡಗಾಂವ್‌ನಲ್ಲಿದ್ದಳು, ಒಂದು ಬಸ್ಸಿನ ದೂರದಲ್ಲಿ. ಆಫೀಸಿನಲ್ಲಿ ಜೊತೆಗಿದ್ದ, ಬೇರೆ ಧರ್ಮದ ಹುಡುಗನನ್ನು ಮದುವೆಯಾಗಿದ್ದಳು. ಅಂದಿನಿಂದ ಅವಳು ಈ ಮನೆಗೆ ಕಾಲಿಡುವ ಹಾಗಿರಲಿಲ್ಲ. ಬೋಗಿ ಕಪಾಟಿನಿಂದ ಹೊರಬಿದ್ದು ಗೋಡೆಯ ಕಡೆ ತಿರುಗಿದ್ದೂ ಅಂದಿನಿಂದಲೇ.

"ಸಿಟ್ಟಿದ್ರೆ ಎಸೀಲಿ ಬೇಕಾದ್ರೆ. ಎಸೆಯಲ್ಲ. ಆಗಾಗ ತಿರುಗಿಸಿ, ಆ ಮುಖಗಳಿಗೆ ಎಣ್ಣೆ ಹಚ್ಚಿ ಒರೆಸಿ, ಮತ್ತೆ ಗೋಡೆ ಕಡೆ ಮಾಡಿ ಇಡ್ತಾರೆ. ಅದೇ ಮಗಳು ಫೋನ್ ಮಾಡಿದ್ರೆ ರಿಸೀವರ್ ನನ್ ಕೈಗೆ."

ಅಂಕಲ್ ನಿವೃತ್ತರಾಗುವ ವರ್ಷ ಅವಳಿಗೆ ಮಗುವಾಯಿತು. ಕ್ವಾರ್ಟರ್ಸ್ ಬಿಟ್ಟು ದ್ವಾರಕಾದ ಸ್ವಂತ ಫ್ಲಾಟಿಗೆ ಹೋಗುವುದಿತ್ತು. ಊಟದ ಮಧ್ಯೆ, ನಾನು ಕೂತಿರುವಾಗಲೇ, ಆಂಟಿ ಕೇಳಿಬಿಟ್ಟರು. ನನ್ನ ಎದುರು ಅಂಕಲ್ ಇಲ್ಲ ಎನ್ನಲಾರರು ಎಂದು ಲೆಕ್ಕ ಹಾಕಿದ್ದರೇನೋ.

"ಹೊಸ ಮನೆಗೆ ಮೊದಲು ಆ ಮಗು ಬರ್ಲಿ. ನಾನು ಇನ್ನೇನೂ ಕೇಳಲ್ಲ ನಿಮ್ಮನ್ನ."

ಅಂಕಲ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಸಾರು ಹಾಕು," ಎಂದರು.

ಆಂಟಿ ಹಾಕಿದರು.

ನಿವೃತ್ತಿಯ ದಿನ ನನ್ನನ್ನೂ ಕರೆದಿದ್ದರು. ಆಫೀಸಿನವರು ಹಾರ ಹಾಕಿ, ಒಂದು ಗೋಡೆ ಗಡಿಯಾರದ ಜೊತೆ ಅಂಕಲ್ ಅವರನ್ನು ಕಾರಿನಲ್ಲಿ ತಂದು ಬಿಟ್ಟು ಹೋದರು. ಮೇಜಿನ ತುದಿಯಲ್ಲಿ, ಮುಖಗಳ ಬೋಗಿ ಇರುತ್ತಿದ್ದ ಜಾಗದಲ್ಲಿ, ಹೊಳೆಯುವ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. "ತೆಗೀರಿ, ನಿಮಗೇ," ಎಂದರು ಆಂಟಿ. ಕಾಗದ ಹರಿದಾಗ ವಾಸನೆ ಮೊದಲು ಬಂತು, ಆಮೇಲೆ ಬೋಗಿ. ಕಡುಗೆಂಪು, ಮೇಲ್ಚಾವಣಿ ಬಿಳಿ. ಈಗ ತಾನೇ ಅಂಗಡಿಯಿಂದ ಬಂದಂತೆ ಮಿರಿಮಿರಿ ಮಿಂಚುತ್ತಿತ್ತು. ಆಂಟಿಯ ತಮ್ಮನಿಗೆ ಫರೀದಾಬಾದಿನಲ್ಲಿ ಕೂಲರ್ ಮಾಡುವ ಸಣ್ಣ ಕಾರ್ಖಾನೆ ಇತ್ತು. ಕೂಲರಿನ ತಗಡುಗಳ ಜೊತೆ ಇದಕ್ಕೂ ಬಣ್ಣ ಹೊಡೆಸಿಕೊಂಡು ಬಂದಿದ್ದರು.

ಅಂದರೆ ಥಿನ್ನರ್ ವಾಸನೆ ಆ ಒಂದು ದಿನದ್ದು. ಅದು ಹಿಂದಿನ ಭಾನುವಾರಗಳ ಮೇಲೆಲ್ಲ ಹರಡಿಕೊಂಡು ಕೂತಿದೆ. ಇಂಥ ನೆನಪನ್ನು ಹೇಗೆ ನಂಬುವುದು?

ಅಂಕಲ್ ಬೋಗಿಯನ್ನು ತಿರುಗಿಸಿ ನೋಡಿದರು. ಮತ್ತೆ ಈ ಕಡೆ ತಿರುಗಿಸಿದರು. ಕಿಟಕಿಗಳು ಇದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಕೊರಳಲ್ಲಿ ಆಫೀಸಿನ ಚೆಂಡು ಹೂವಿನ ಹಾರ ಹಾಗೇ ಇತ್ತು.

"ಉಜ್ಜಿದ್ರಾ?"

"ತಳದ ತನಕ ಉಜ್ಜದೆ ಹೊಡೆದ್ರೆ ನಿಲ್ಲಲ್ವಂತೆ, ತಮ್ಮ ಹೇಳ್ದ."

ಆಂಟಿ ಪಾಯಸದ ಪಾತ್ರೆಯ ಕಡೆ ಹೋಗುತ್ತ, ಬೆನ್ನು ಹಾಕಿಯೇ ಹೇಳಿದರು: "ಇನ್ಮೇಲೆ ಗೋಡೆ ಕಡೆ ತಿರುಗಿಸಿಡೋ ಕಷ್ಟ ಇಲ್ಲ ನಿಮಗೆ. ಯಾವ ಕಡೆ ಇಟ್ರೂ ಒಂದೇ."

ಆ ದನಿ ನನಗೆ ಕೆಲವು ಸಲ ಸೇಡಿನದಾಗಿ ಕೇಳಿಸುತ್ತದೆ. ಕೆಲವು ಸಲ, ಗಂಡನಿಗೆ ಸಂತೋಷವಾಗುತ್ತದೆ ಎಂದು ನಿಜವಾಗಿ ನಂಬಿ, ಅವರ ಮುಖ ನೋಡಿ ಗಾಬರಿಯಾದ ಹೆಂಗಸಿನದಾಗಿ ಕೇಳಿಸುತ್ತದೆ. ಆದರೆ ಬಣ್ಣದ ನಿಯಮ ಅವರಿಗೆ ಬಾಯಿಪಾಠವಾಗಿತ್ತಲ್ಲ... ಅಂಕಲ್ ಪಾಯಸ ತಿಂದರು. ಎರಡನೆಯ ಸಲವೂ ಹಾಕಿಸಿಕೊಂಡರು ಎಂದು ನೆನಪು. ಅದು ಸುಳ್ಳಿರಬೇಕು.

ಟೆಂಪೊ ಬಂದ ದಿನ ಕಪಾಟಿನ ಬೋಗಿಗಳನ್ನು ಆಂಟಿ ತಮ್ಮ ಹಳೆಯ ಹತ್ತಿ ಸೀರೆಗಳಲ್ಲಿ, ಒಂದೊಂದನ್ನೂ ಬೇರೆ ಬೇರೆಯಾಗಿ, ಮಗುವನ್ನು ಸುತ್ತುವ ಹಾಗೆ ಸುತ್ತಿ ಕೊಟ್ಟರು. ಕೆಂಪು ಬೋಗಿ ಅದರಲ್ಲಿತ್ತೋ ಇಲ್ಲವೋ ನಾನು ಗಮನಿಸಲಿಲ್ಲ. ಅವರು ಹೋದ ಮೇಲೆ ಖಾಲಿ ಮನೆಗೆ ಇಳಿದು ನೋಡಿದೆ. ಮೇಜು ಇದ್ದ ಕಡೆ ಗೋಡೆಯ ಸುಣ್ಣದಲ್ಲಿ ಬೋಗಿಯುದ್ದದ ಒಂದು ಎಣ್ಣೆಯ ಕಲೆ ಇತ್ತು. ಮುಖಗಳು ವರ್ಷಗಟ್ಟಲೆ ಒರಗಿದ್ದ ಜಾಗ. ಹೊಸಬರು ಬರುವ ಮೊದಲು ಅದರ ಮೇಲೂ ಸುಣ್ಣ ಬಳಿದರು.

ದ್ವಾರಕಾಕ್ಕೆ ಬರಲು ಇಬ್ಬರೂ ಹೇಳಿದ್ದರು. ನಾನು ಹೋಗಲಿಲ್ಲ. ಅಂಕಲ್ ತೀರಿಕೊಂಡದ್ದು ನನಗೆ ತಿಳಿದಾಗ ಆಗಲೇ ಬಹಳ ಕಾಲವಾಗಿತ್ತು. ಒಂದು ಮದುವೆಯ ಊಟದ ಸಾಲಿನಲ್ಲಿ ಯಾರೋ ಪಕ್ಕದವರ ಹತ್ತಿರ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಫೋನ್ ಮಾಡಿದೆ. ಆ ನಂಬರ್ ಈಗ ಯಾರದೂ ಅಲ್ಲ.

ಬಾಲ್ಕನಿಯಿಂದ ಪೇಂಟರ್ ಕೂಗುತ್ತಿದ್ದಾನೆ. "ಮೇಡಂ ಜೀ, ಪುರಾನಾ ರಂಗ್ ಘಿಸ್ ದೂಂ?" ಹಳೆಯ ಬಣ್ಣ ಉಜ್ಜಿ ತೆಗೆಯಲೇ ಎಂದು ಕೇಳುತ್ತಿದ್ದಾನೆ. ಬೇಡ ಭಯ್ಯಾ, ಮೇಲಿಂದಲೇ ಬಳಿ ಎಂದೆ. ಹಾಗಾದರೆ ನಿಲ್ಲುವುದಿಲ್ಲ, ಆಮೇಲೆ ನನ್ನನ್ನು ಬೈಯಬೇಡಿ ಎಂದು ಗೊಣಗಿದ.

ಮಗಳು ಮಗುವನ್ನು ಕರೆದುಕೊಂಡು ಆ ಹೊಸ ಮನೆಗೆ ಬಂದಳೋ ಇಲ್ಲವೋ, ನನಗೆ ಗೊತ್ತಿಲ್ಲ.