ಕುಶಾಲಪ್ಪನ ಕೊಡೆಯೂ ಒಂದು ಹಾಡೂ

ನನ್ನ ಹಳೆಯ ವಿದ್ಯಾರ್ಥಿ ಕುಶಾಲಪ್ಪ ಮಾದಾಪುರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು. ಮರದ ನೆರಳಿನಲ್ಲೂ ಕೊಡೆ ಬಿಚ್ಚಿಕೊಂಡೇ ಕೆಲಸ ಮಾಡಿಸುವವನು. ಒಂದು ದಿನ, ಕಾಫಿ ಕೊಯ್ಯುವ ಹೆಂಗಸರ ಹಾಡನ್ನು ಬರೆದುಕೊಂಡು ನಮ್ಮ ಮನೆಗೆ ಬಂದ. "ನೆರಳಿಗೂ ಕೊಡೆ ಹಿಡಿವ ದೊರೆಯೇ" ಎಂಬುದು ಪಲ್ಲವಿ.

"ಇದು ನನ್ನ ಮೇಲಾದ್ರೆ ತೋಟದಲ್ಲಿ ತಲೆ ಎತ್ತೋದು ಹೇಗೆ ಸಾರ್?"

"ಹಾಡುವವರು ಯಾರು, ಯಾವ ಮಾತು ಮತ್ತೆ ಮತ್ತೆ ಬರುತ್ತದೆ, ಏನನ್ನು ಹೇಳದೆ ಬಿಟ್ಟಿದ್ದಾರೆ, ನೋಡು," ಎಂದೆ. ಶಾಲೆಯಲ್ಲಿ ಕಲಿಸಿದ್ದೂ ಇದನ್ನೇ.

ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಹಾಡಿನ ಪದಗಳಡಿ ಗೆರೆ ಎಳೆದ.

"ಹಾಡೋದು ಕೊಯ್ಯೋರು. ಕೊಡೆ ಆರು ಸಲ ಬರುತ್ತೆ. ಹೆಸರು ಮಾತ್ರ ಎಲ್ಲೂ ಇಲ್ಲ." ಅವನ ಮುಖ ಅರಳಿತು. "ಹಾಗಾದ್ರೆ ನಾನಲ್ಲ ಸಾರ್. ಪಕ್ಕದ ತೋಟದ ರೈಟರ್ ಹತ್ರಾನೂ ಕೊಡೆ ಇದೆ."

ವಿಧಾನಕ್ಕೆ ಪೂರ್ಣ ಅಂಕ ಕೊಟ್ಟೆ. ಉತ್ತರಕ್ಕೆ ಅಂಕ ಹಾಕಲಿಲ್ಲ. ನಮ್ಮ ಅಂಗಳದ ಹಲಸಿನ ಮರದಡಿ ಕೊಡೆ ಬಿಚ್ಚಿ, ಅದೇ ಪಲ್ಲವಿಯನ್ನು ಗುನುಗುತ್ತಾ ಹೊರಟ.